ಎರಡು ಕೋಲು ನೆಲ

ಹೆಜ್ಜೆ ಎಣಿಸುತ್ತ ಓಡುವ ಹುಡುಗಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಟಿಕೋಟಾದ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರ. ಚಂದ್ರಶೇಖರ ಎಂಬ ಹೆಸರಿದ್ದರೂ ಊರಿಗೆಲ್ಲ ಬರೀ ಮಾಸ್ತರ. ಶಾಲೆಯ ಹಿಂದೆ ಗಾಯರಾಣ, ಅಂದರೆ ಊರ ದನ ಕುರಿ ಮೇಯುವ ಬಯಲು. ಎಪ್ಪತ್ನಾಲ್ಕರ ಸಂಕ್ರಮಣದ ಮರುದಿನ, ಕರಿಯ ದಿನ, ನಾನು ಅಲ್ಲಿ ದೊಡ್ಡ ಹುಡುಗರನ್ನು ಓಡಿಸುತ್ತಿದ್ದೆ. ಎಲ್ಲಿಂದಲೋ ಒಂದು ಕುರಿಮರಿ ತಪ್ಪಿಸಿಕೊಂಡು ನಮ್ಮ ನಡುವೆ ನುಗ್ಗಿತು. ಅದರ ಬೆನ್ನಿಗೆ ಹನ್ನೆರಡು ವರ್ಷದ ಒಂದು ಹುಡುಗಿ, ಪರಕಾರ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು. ನನ್ನ ಹುಡುಗರನ್ನು ಒಬ್ಬೊಬ್ಬರನ್ನಾಗಿ ದಾಟಿದಳು, ಮರಿಯ ಹಿಂಗಾಲು ಹಿಡಿದಳು, ಹೆಗಲಿಗೆ ಹಾಕಿಕೊಂಡಳು. ಏದುಸಿರು ಬಿಡುತ್ತಿದ್ದ ಹುಡುಗರನ್ನು ನೋಡಿ ಕೇಳಿದಳು:

“ನೀವೂ ಇದನ್ನ ಹಿಡ್ಯಾಕ ಓಡಾಕತ್ತಿದ್ರೇನು?”

ಅವಳೇ ಮಲಕವ್ವ. ಕುರಿ ಕಾಯುವ ಅಮೋಘಿಯ ಒಬ್ಬಳೇ ಮಗಳು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ವಾರಕ್ಕೆ ಎರಡು ದಿನ ಬರುತ್ತಿದ್ದಳು. ಅಂದೇ ಅವಳನ್ನು ನಿಲ್ಲಿಸಿ ಗಡಿಯಾರ ಹಿಡಿದೆ. ನೂರು ಮೀಟರಿಗೆ ಹದಿನಾರು ಸೆಕೆಂಡು, ಮೇಲೊಂದು ಗೆರೆ. ನನ್ನ ಗಡಿಯಾರದಲ್ಲಿ ಒಂದು ಸೆಕೆಂಡಿಗೆ ಹತ್ತು ಗೆರೆ. ಓಡಿ ನಿಂತವಳು ನಾನು ಕೇಳದೆಯೇ ಹೇಳಿದಳು:

“ಅರವತ್ತಾರ್ರೀ.”

“ಏನು ಅರವತ್ತಾರು?”

“ಹೆಜ್ಜಿ. ಕುರಿ ಎಣಿಸಿ ಎಣಿಸಿ ಚಟಾ ಬಿದ್ದೈತ್ರಿ ಸರ್ರ. ಏನು ಮಾಡಿದ್ರೂ ಒಳಗ ಎಣಿಕಿ ನಡದಿರತೈತಿ.”

ಓಟ ಕಲಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ವಿಜಾಪುರದ ಗಾಂಧಿ ಚೌಕದ ರದ್ದಿ ಅಂಗಡಿಯಲ್ಲಿ ಓಟದ ಮೇಲಿನ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಪುಸ್ತಕ ಅಂದರೆ ಮೊದಲಿನ ಅರವತ್ತು ಪುಟ; ಉಳಿದದ್ದರಲ್ಲಿ ರದ್ದಿಯವನು ಆಗಲೇ ಯಾರಿಗೋ ಶೇಂಗಾ ಕಟ್ಟಿ ಕೊಟ್ಟಿದ್ದ. ನಿಘಂಟು ಪಕ್ಕಕ್ಕಿಟ್ಟುಕೊಂಡು ಆ ಅರವತ್ತು ಪುಟವನ್ನೇ ಎರಡು ವರ್ಷ ಓದಿದೆ. ಗಡಿಯಾರವನ್ನು ಅದೇ ಚೌಕದಲ್ಲಿ ಗಡಿಯಾರ ರಿಪೇರಿ ಮಾಡುವ ಮಶಾಕಸಾಬರು ಕೊಟ್ಟಿದ್ದರು. “ಬಂದ್ ಬಿದ್ದಿತ್ತು, ಜೀವ ಹಾಕೀನಿ ಮಾಸ್ತರಸಾಬ. ಸಣ್ಣ ಮಕ್ಕಳ ಕೈಯಾಗ ಕೊಡಬ್ಯಾಡ್ರಿ, ಅಷ್ಟ,” ಎಂದಿದ್ದರು.

ನೆಲವನ್ನು ಅಳೆದದ್ದು ಊರ ಜಮೀನಿನ ಲೆಕ್ಕ ಇಡುವ ತಲಾಠಿಯ ಸರಪಳಿಯಿಂದ. ಹೊಲ ಅಳೆಯುವ ಆ ಸರಪಳಿ ಮೂವತ್ಮೂರು ಅಡಿ ಇರುತ್ತದೆ. ಹತ್ತು ಸರಪಳಿ ಎಳೆದು ಎರಡು ಅಡಿ ಹಿಂದಕ್ಕೆ ಬಂದರೆ ನೂರು ಮೀಟರು. ಸುಣ್ಣದ ಗೆರೆ ಮಳೆಗೆ ನಿಲ್ಲುವುದಿಲ್ಲವೆಂದು ಎರಡೂ ತುದಿಗೆ ಕಲ್ಲು ಹುಗಿಯಬೇಕಾಯಿತು. ಹುಗಿದುಕೊಟ್ಟವನು ಅಮೋಘಿಯೇ.

“ಹೊಲದ ಬಾಂದಗಲ್ಲು ಹುಗದಂಗ ಹುಗದೇನ್ರಿ ಮಾಸ್ತರ್ರ,” ಎಂದು ಕೈ ಝಾಡಿಸಿದ. “ಅರ್ಧಾ ಒಳಗ, ಅರ್ಧಾ ಹೊರಗ. ಇನ್ನ ಇದನ್ನ ಯಾರೂ ಮುಟ್ಟೂದಿಲ್ಲ. ಹುಗದ ಕಲ್ಲು ಸರಿಸಿದಾವನ ಮನ್ಯಾಗ ದೀಪಾ ಉರಿಯೂದಿಲ್ಲ ಅಂತಾರ ನಮ್ಮ ಹಿರಿಯಾರು.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು ಹೊಲದ ಗಡಿಗಾಗಿ ಕೊಡಲಿ ಹಿಡಿದು ಹೊಡೆದಾಡುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ.

ಮಲಕವ್ವ ದಿನವೂ ಬರತೊಡಗಿದಳು. ಹಳ್ಳದ ಉಸುಕಿನಲ್ಲಿ ಓಡಿಸಿದೆ, ಸೊಂಟಕ್ಕೆ ಹಗ್ಗ ಕಟ್ಟಿ ಹಳೆಯ ಟಾಯರು ಎಳೆಸಿದೆ. ಹೊರಡುವಾಗ ಕಾಲು ಊರಲು ನೆಲದಲ್ಲಿ ಎರಡು ಕುಳಿ ತೋಡಿಕೊಟ್ಟೆ. ಗಡಿಯಾರ ಹಿಡಿಯುತ್ತಿದ್ದುದು ವರ್ಷಕ್ಕೊಮ್ಮೆ ಮಾತ್ರ, ಕರಿಯ ದಿನ. ಪದೇ ಪದೇ ಹಿಡಿದರೆ ಮಕ್ಕಳು ಕಾಲು ಬಿಟ್ಟು ಮುಳ್ಳಿನ ಕಡೆ ನೋಡುತ್ತಾರೆ ಎಂಬುದು ನಾನೇ ಕಟ್ಟಿಕೊಂಡ ಶಾಸ್ತ್ರ. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ.

ಎಪ್ಪತ್ತೈದರ ಕರಿಗೆ ಹದಿನಾಲ್ಕು ಸೆಕೆಂಡು ಎಂಟು ಗೆರೆ ಬಂತು. ಹೆಜ್ಜೆ ಅರವತ್ತು. ನಾನು ಹಿಗ್ಗಿ ಗಡಿಯಾರವನ್ನು ಎಲ್ಲರಿಗೂ ತೋರಿಸುತ್ತಿದ್ದಾಗ ಸಾರವಾಡದಿಂದ ಸಿದ್ದರಾಯ ಬಂದ. ಅವನು ಮಲಕವ್ವನ ಸೋದರಮಾವ, ಅವಳ ತಾಯಿ ದುಂಡವ್ವನ ಅಣ್ಣ. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಬಾಯಿ. ಕೈಯಲ್ಲಿ ಕುಸುರೆಳ್ಳಿನ ಗಂಟು ಇದ್ದರೂ ಮಾತಿನಲ್ಲಿ ಸಿಹಿ ಇರಲಿಲ್ಲ.

“ಏನಪಾ ಅಮೋಘಿ, ಹುಡುಗಿ ದೊಡ್ಡಾಕಿ ಆಗಿ ಆರು ತಿಂಗಳಾತು. ನಮ್ಮ ಧೂಳಪ್ಪಗ ಕೊಡು ಅಂದ್ರ ಓಡಾಕತ್ತಾಳ ಅಂತಿ. ಎಲ್ಲಿಗೆ ಓಡಾಕತ್ತಾಳ? ಹಿಂದ ಏನರೆ ಹುಲಿ ಬಿದ್ದೈತೇನು?”

“ಹುಲಿ ಅಲ್ಲೋ ಮಾವ, ನೀ ಬಿದ್ದೀದಿ,” ಎಂದ ಅಮೋಘಿ. ಎಲ್ಲರೂ ನಕ್ಕರು. ಸಿದ್ದರಾಯನೂ ನಕ್ಕ, ಆದರೆ ಕೂತಲ್ಲಿಂದ ಏಳಲಿಲ್ಲ.

“ನಗೂದು ಬಿಡು. ನನ್ನ ತಂಗಿನ್ನ ನಿನಗ ಕೊಟ್ಟಾಗ ಏನು ಮಾತಾಗಿತ್ತು? ಹೆಣ್ಣು ಹುಟ್ಟಿದ್ರ ನಮ್ಮ ಮನಿಗೆ. ಹೌದಿಲ್ಲೋ?”

“ಹೌದು.”

“ಮತ್ತ?”

ಅಮೋಘಿ ತನ್ನ ಕೋಲಿನ ತುದಿಯಿಂದ ನೆಲ ಕೆದರಿದ. ಆಮೇಲೆ ನನ್ನ ಕೈಯಲ್ಲಿದ್ದ ಗಡಿಯಾರ ನೋಡಿದ. “ಮಾವ, ಹೋದ ವರ್ಷಕ್ಕೂ ಈ ವರ್ಷಕ್ಕೂ ಮುಳ್ಳು ಇಳದೈತಿ. ಇಳಿಯೂ ಮುಳ್ಳು ಕೈಯಿಂದ ಹಿಡದು ನಿಂದರಸು ಅಂತಿಯೇನು?”

ಸಿದ್ದರಾಯ ಸೊಂಟದಿಂದ ಚೀಲ ತೆಗೆದ. ಒಳಗಿದ್ದದ್ದು ಭಂಡಾರ, ಅವರ ಮನೆದೇವರ ಗುಡಿಯ ಅರಿಶಿನ ಪುಡಿ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ಅವರಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. “ಇದನ್ನ ಮುಟ್ಟಿ ಹೇಳು. ನಾನೂ ಕಟುಗ ಅಲ್ಲ,” ಎಂದ.

ಅಮೋಘಿ ಚಿಟಿಕೆ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ. “ವರ್ಷಾ ಕರಿ ದಿನಾ ಮುಳ್ಳು ಇಳಿಯೂತನಕ ನನ್ನ ಮಗಳು ಓಡತಾಳ. ಯಾವ ವರ್ಷ ಇಳಿಯೂದಿಲ್ಲ, ಆ ವರ್ಷ ನಿನ್ನ ಸೊಸಿ.”

“ಆತು,” ಎಂದ ಸಿದ್ದರಾಯ. “ಕುದರಿ ಆದ್ರೂ ಒಂದಿನ ನಿಂದರತೈತಿ. ನಾ ಕಾಯತೇನಿ.”

ಮುಳ್ಳು ಯಾವಾಗಲೂ ಹೀಗೇ ಇಳಿಯುವುದಿಲ್ಲ, ಮೊದಲು ಜಿಗಿದು ಇಳಿಯುತ್ತದೆ, ಆಮೇಲೆ ತೆವಳುತ್ತದೆ, ಒಮ್ಮೊಮ್ಮೆ ವರ್ಷಗಟ್ಟಲೆ ಕೂತುಬಿಡುತ್ತದೆ ಎಂದು ನಾನು ಓದಿದ್ದೆ. ಆ ಮಾತು ಅಂದೇ ಹೇಳಬೇಕಿತ್ತು. ಹದಿನಾಲ್ಕು ಎಂಟರ ಅಮಲಿನಲ್ಲಿ ಸುಮ್ಮನಿದ್ದುಬಿಟ್ಟೆ.

ಎಪ್ಪತ್ತಾರಕ್ಕೆ ಹದಿಮೂರು ಒಂಬತ್ತು, ಹೆಜ್ಜೆ ಐವತ್ತಾರು. ಬಬಲೇಶ್ವರದಲ್ಲಿ ನಡೆದ ಆಟಗಳಲ್ಲಿ ಮಲಕವ್ವ ಎಲ್ಲರಿಗಿಂತ ಮೊದಲು ದಾರ ಹರಿದಳು. ಅಲ್ಲಿ ಗಡಿಯಾರ ಹಿಡಿಯುವವರಿರಲಿಲ್ಲ. ದಾರ ಯಾರ ಎದೆಗೆ ಸುತ್ತಿಕೊಂಡಿದೆಯೋ ಅವರು ಗೆದ್ದಂತೆ. ಬಹುಮಾನದ ಸ್ಟೀಲ್ ತಾಟನ್ನು ದುಂಡವ್ವ ಊರಲ್ಲಿ ಮನೆಮನೆಗೆ ತೋರಿಸಿ ಬಂದಳು. “ಇದರಾಗ ಉಣ್ಣಾಕ ಯಾರಿಗೂ ಕೊಡೂದಿಲ್ಲ, ನನ್ನ ಅಣ್ಣ ಬಂದ್ರೂ,” ಎನ್ನುತ್ತಿದ್ದಳು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅಮೋಘಿ ನನ್ನ ಪಕ್ಕ ಬಂದು ಕೂತ. ಮಲಕವ್ವ ದೂರದಲ್ಲಿ ಟಾಯರು ಎಳೆಯುತ್ತಿದ್ದಳು.

“ಮಾಸ್ತರ್ರ, ಮುಳ್ಳು ಎಲ್ಲಿತನಕ ಇಳಿತೈತ್ರಿ?”

ಕಣ್ಣ ಮುಂದೆ ಅವನ ಹಣೆಯ ಭಂಡಾರ ಬಂತು. ಆದರೂ ಈ ಸಲ ಬಚ್ಚಿಡಲಿಲ್ಲ. “ಹಸಿ ಅರಿವಿ ಹಿಂಡಿದಂಗ ನೋಡು ಅಮೋಘಿ. ಮೊದಲನೇ ಹಿಂಡಿಗೆ ಬಟ್ಟಲ ತುಂಬ ನೀರು. ಎರಡನೇದಕ್ಕ ನಾಕು ಹನಿ. ಆಮ್ಯಾಲ ಕೈ ನೋಯ್ತದ, ಹನಿ ಬೀಳೂದಿಲ್ಲ.”

“ಮತ್ತ ನಮ್ಮಾಕಿದು?”

“ಮಳೆಗಾಲ ಆದಮ್ಯಾಲ ಕಾಲು ಭಾರ ಆಗ್ಯಾವ. ಈ ಕರಿಗೆ ನಿಂತರೂ ನಿಲ್ಲಬಹುದು. ನಿಂತರ ಹೆದರೂದಲ್ಲ, ಬ್ಯಾರೆ ಥರ ಕಲಿಸಬೇಕಾಗ್ತದ. ಆದರ ನೀನು ಭಂಡಾರ ಮುಟ್ಟೀದಿ.”

ಅವನು ಎದ್ದು ಹೋಗುವಾಗ ಒಮ್ಮೆ ನಿಂತು ಕೇಳಿದ: “ಈ ಕಲ್ಲಿನಿಂದ ಆ ಕಲ್ಲಿಗೆ, ಹೌದಲ್ರಿ ಓಡೂದು?”

“ಹೌದು.”

“ಹಂ,” ಎಂದು ಹೋದ.

ಎಪ್ಪತ್ತೇಳರ ಕರಿಯಂದು ಗಡಿಯಾರದ ಮುಳ್ಳು ಹದಿಮೂರು ಆರಕ್ಕೆ ನಿಂತಿತು. ಹೆಜ್ಜೆ ಐವತ್ತೈದು. ನಾನು ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಹೆಜ್ಜೆ ಉದ್ದವಾಗಿದೆ, ಒಂದು ಪೂರ್ತಿ ಹೆಜ್ಜೆ ಉಳಿಸಿದ್ದಾಳೆ ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಅಷ್ಟೇ ಅಲ್ಲ, ಅಂದು ನಮ್ಮ ಶಾಲೆಯಲ್ಲಿ ಓಡಿದವರೆಲ್ಲರ ಮುಳ್ಳೂ ಇಳಿದಿತ್ತು. ಗಣಪತಿಯಂಥ ಹೊಟ್ಟೆಯ ಒಬ್ಬ ಹುಡುಗನಿದ್ದ, ಅವನದೂ. ಆಗಲಾದರೂ ನನಗೆ ಗೊತ್ತಾಗಬೇಕಿತ್ತು. ಆದರೆ ಮನುಷ್ಯನ ಹುಂಬತನ ನೋಡಿ, ನಾನು ತಿಳಿದುಕೊಂಡದ್ದು ಕಲಿಸುವುದರಲ್ಲಿ ನನಗೆ ಈಗ ಕೈ ಕುದುರಿದೆ ಅಂತ.

ಸಿದ್ದರಾಯ ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿದ. “ಮಾಸ್ತರ್ರ, ಇದಕ್ಕ ಏನರೆ ತಿನಸೀರೇನು?”

“ಬೇಕಾದರ ವಿಜಾಪುರಕ್ಕ ಒಯ್ದು ಪರೀಕ್ಷಾ ಮಾಡಿಸು.”

ಮಾತಿಗೆ ಹೇಳಿದ್ದಲ್ಲ, ಇಬ್ಬರೂ ಒಯ್ದೇ ಒಯ್ದೆವು. ಮಶಾಕಸಾಬರು ತಮ್ಮ ದೊಡ್ಡ ಗಡಿಯಾರದ ಪಕ್ಕ ಇಟ್ಟು ಐದು ನಿಮಿಷ ನೋಡಿ, “ಒಂದು ಗೆರಿ ಹಿಂದ ಇಲ್ಲ, ಮುಂದ ಇಲ್ಲ. ಗಡಿಯಾರ ಖರೇ ಐತಿ,” ಎಂದರು. ಸಿದ್ದರಾಯ ಚಹಾ ಕುಡಿದು ಸಾರವಾಡದ ಬಸ್ಸು ಹತ್ತಿದ.

ನಾವು ಗಡಿಯಾರವನ್ನು ಪರೀಕ್ಷಿಸಿದೆವು. ನೆಲವನ್ನು ಪರೀಕ್ಷಿಸಬೇಕೆಂದು ನನಗೂ ಹೊಳೆಯಲಿಲ್ಲ, ಸಂಶಯದ ಸಿದ್ದರಾಯನಿಗೂ ಹೊಳೆಯಲಿಲ್ಲ. ಹುಗಿದ ಕಲ್ಲಲ್ಲವೇ ಅದು.

ಎಪ್ಪತ್ತೆಂಟರ ಕರಿಗೆ ಹದಿಮೂರು ಮೂರು. ಹೆಜ್ಜೆ ಐವತ್ನಾಲ್ಕು.

ಅದೇ ಫೆಬ್ರವರಿಯಲ್ಲಿ ವಿಜಾಪುರದಲ್ಲಿ ಆಯ್ಕೆ ಇತ್ತು. ಹದಿನಾರು ದಾಟದ ಹುಡುಗಿಯರಲ್ಲಿ ನೂರು ಮೀಟರನ್ನು ಹದಿಮೂರೂವರೆ ಸೆಕೆಂಡಿನ ಒಳಗೆ ಓಡಿದವರಿಗೆ ಬೆಂಗಳೂರಿನ ಶಿಬಿರ; ಅಲ್ಲೇ ಊಟ, ವಸತಿ, ಓದು, ದಿನವೂ ಕಲಿಸುವ ದೊಡ್ಡ ಗುರುಗಳು. ಮುಂದಿನ ವರ್ಷಕ್ಕೆ ಮಲಕವ್ವನ ವಯಸ್ಸು ದಾಟಿಬಿಡುತ್ತಿತ್ತು. ಆದರೆ ನಮಗೆ ಮುಂದಿನ ವರ್ಷದ ಚಿಂತೆಯೇ ಇರಲಿಲ್ಲ. ಹದಿಮೂರೂವರೆ ಕೇಳಿದ್ದಾರೆ, ನಮ್ಮ ಹತ್ತಿರ ಹದಿಮೂರು ಮೂರಿದೆ. ಸಿದ್ದರಾಯ ಕೂಡ ಸೋಲೊಪ್ಪಿದ್ದ. “ಬೆಂಗಳೂರಿಗೆ ಹೋದ್ರ ಹೋಗಲಿ ಬಿಡು. ನಮ್ಮ ಧೂಳಪ್ಪನೂ ಟ್ರ್ಯಾಕ್ಟರ್ ಬಿಟ್ಟು ಇಳ್ಯಾಕ ಒಲ್ಲಾ. ಬ್ಯಾರೆ ಹೆಣ್ಣು ನೋಡೂಣು,” ಎಂದು ತಂಗಿಯ ಎದುರು ಅಂದಿದ್ದನಂತೆ.

ಅಮೋಘಿ ಮಾತ್ರ ಬರಲು ಒಲ್ಲೆ ಎಂದ. “ಕುರಿ ಅದಾವ್ರಿ,” ಎಂದ. “ಒಂದಿನಕ್ಕ ಕುರಿ ಸಾಯೂದಿಲ್ಲ ಏಳೋ,” ಎಂದು ದುಂಡವ್ವ ಬೈದು ಎಬ್ಬಿಸಿದಳು. ಬಸ್ಸಿನಲ್ಲಿ ಟಿಕೋಟಾದಿಂದ ವಿಜಾಪುರದವರೆಗೆ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮೊದಲ ಸಲ ಮಗಳನ್ನು ಊರು ಬಿಟ್ಟು ಕಳಿಸುವ ಸಂಕಟ ಅಂದುಕೊಂಡೆ.

ಮೈದಾನ ಸೊಲ್ಲಾಪುರ ರಸ್ತೆಯ ವರ್ಕ್‌ಶಾಪುಗಳನ್ನು ದಾಟಿ ಸ್ವಲ್ಪ ಒಳಗಿತ್ತು. ಆರು ಹುಡುಗಿಯರಲ್ಲಿ ನಾಲ್ವರ ಕಾಲಲ್ಲಿ ಮೊಳೆಯ ಬೂಟು. ಮಲಕವ್ವ ಬರಿಗಾಲು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, “ಸರ್ರ, ಐವತ್ಮೂರು ಮಾಡ್ಲೇನು?” ಎಂದು ನಕ್ಕಳು.

ಪಿಸ್ತೂಲು ಹಾರಿತು. ಅವಳು ಚೆನ್ನಾಗಿಯೇ ಓಡಿದಳು. ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಗಾಯರಾಣದಲ್ಲಿ ಓಡಿದ್ದಕ್ಕಿಂತ ಒಂದು ಕೂದಲೂ ಕಡಿಮೆ ಓಡಲಿಲ್ಲ. ಎರಡನೆಯವಳಾಗಿ ಮುಟ್ಟಿದಳು. ಮೂವರು ಮೂರು ಗಡಿಯಾರ ಹಿಡಿದಿದ್ದರು. ಮೂರರಲ್ಲೂ ಹದಿಮೂರು ಎಂಟು.

ನಾನು ಓಡಿಹೋದಾಗ ಅವಳು ಬಗ್ಗಿ ಮೊಣಕಾಲು ಹಿಡಿದು ನಿಂತಿದ್ದಳು. ಮುಖ ಎತ್ತಿದಳು. ಸೋತವರ ಮುಖವಾಗಿರಲಿಲ್ಲ ಅದು. ಹಿಂಡಿನಲ್ಲಿ ಎಣಿಕೆ ತಪ್ಪಿದಾಗ ಕುರಿಗಾರರ ಮುಖ ಹೇಗಾಗುತ್ತದೋ ಹಾಗಿತ್ತು.

“ಸರ್ರ, ಐವತ್ತಾರು.”

“ಹೆದರಿದ್ದಿ, ಅದಕ್ಕ ಹೆಜ್ಜಿ ಸಣ್ಣ ಬಿದ್ದಾವ.”

“ಇಲ್ರಿ ಸರ್ರ. ಹೆಜ್ಜಿ ಅವ ಅದಾವ. ನೆಲಾ ಜಾಸ್ತಿ ಐತಿ.”

ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಒಳ್ಳೆಯ ಮನುಷ್ಯರು. ನನ್ನ ನೋಟ್‌ಬುಕ್ಕನ್ನು ನಿಧಾನವಾಗಿ ತಿರುವಿದರು. “ಹದಿನಾರು ಒಂದು, ಹದಿನಾಲ್ಕು ಎಂಟು, ಹದಿಮೂರು ಒಂಬತ್ತು. ಬರಿಗಾಲಲ್ಲಿ, ಎರಡೇ ವರ್ಷದಲ್ಲಿ! ಇಂಥ ಮಗು ನನಗೆ ಸಿಕ್ಕೇ ಇಲ್ಲ ಮೇಷ್ಟ್ರೇ. ಆದರೆ ಆಮೇಲಿನ ಎರಡು ನಂಬೋಕಾಗಲ್ಲ. ಇವತ್ತು ಓಡಿದ್ದು ನೋಡಿದರೆ ಎಪ್ಪತ್ತಾರರಲ್ಲೇ ನಿಂತಿದ್ದಾಳೆ.”

“ಅಲ್ಲಿಗೇ ಮುಗೀತೇನ್ರಿ ಅವಳ ಓಟ?”

“ಮುಗಿಯೋದೇನು! ಹೊರಟ ಕೂಡಲೇ ತಲೆ ಎತ್ತಿ ನಿಂತುಬಿಡ್ತಾಳೆ, ನೋಡಿಲ್ವಾ? ಇನ್ನೂ ಹತ್ತು ಹೆಜ್ಜೆ ಬಗ್ಗಿ ಓಡಬೇಕಿತ್ತು. ಅದೊಂದನ್ನು ತಿದ್ದಿ, ಟಾಯರು ಕಡಿಮೆ ಮಾಡಿ, ನಡುವೆ ಕಾಲಿಗೆ ವಿಶ್ರಾಂತಿ ಕೊಟ್ಟಿದ್ದರೆ ಎರಡು ವರ್ಷದಲ್ಲಿ ಐದು ಗೆರೆ ತಾನಾಗಿ ಇಳೀತಿತ್ತು. ನಿಂತಾಗಲೇ ಅಲ್ವೇ ಗುರು ಬೇಕಾಗೋದು? ಯಾಕೆ ತಿದ್ದಲಿಲ್ಲ?”

ಮುಳ್ಳು ಇಳಿಯುತ್ತಲೇ ಇತ್ತಲ್ಲ. ಸುಧಾರಿಸುತ್ತಿರುವ ಹುಡುಗಿಯನ್ನು ಯಾರಾದರೂ ತಿದ್ದುತ್ತಾರೆಯೇ? ಅದೇ ಉಸುಕು, ಅದೇ ಟಾಯರು, ಅದೇ ಕುಳಿ, ಇನ್ನಷ್ಟು, ಮತ್ತಷ್ಟು ಎಂದು ಎರಡು ವರ್ಷ ಮಾಡಿಸಿದ್ದೆ. “ನಿಮ್ಮ ಗಡಿಯಾರ ಒಮ್ಮೆ ತೋರಿಸಿಕೊಳ್ಳಿ,” ಎಂದು ಅವರು ಪುಸ್ತಕ ಮರಳಿಸಿದರು.

ಗಾಂಧಿ ಚೌಕಕ್ಕೆ ಬಂದೆವು. ಮಧ್ಯಾಹ್ನದ ಗದ್ದಲ, ಟಾಂಗಾದವರ ಕೂಗು. ಅಮೋಘಿ ಮಶಾಕಸಾಬರ ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ. ಮಲಕವ್ವ ಗೋಡೆಗೆ ಒರಗಿ ನಿಂತಿದ್ದಳು. ಮಶಾಕಸಾಬರು ಕಣ್ಣಿಗೆ ಗಾಜು ಏರಿಸಿ ಗಡಿಯಾರದ ಹೊಟ್ಟೆ ಬಿಚ್ಚಿ ನೋಡಿದರು, ಮತ್ತೆ ಮುಚ್ಚಿದರು, ದೊಡ್ಡ ಗಡಿಯಾರದ ಪಕ್ಕ ಇಟ್ಟರು.

“ಹೋದ ವರ್ಷ ಹೇಳಿದ್ದ ಈಗೂ ಹೇಳತೀನಿ ಮಾಸ್ತರಸಾಬ. ಗಡಿಯಾರ ಖರೇ ಐತಿ. ಗಡಿಯಾರ ಖರೇ, ಹುಡುಗಿ ಕಾಲು ಖರೇ. ಇನ್ನ ಉಳದದ್ದು ಏನ್ರಿ? ನೆಲಾ ಒಂದ. ಅಳಸ್ರಿ.”

“ಅಳಸೂದು ಬ್ಯಾಡ,” ಎಂದ ಅಮೋಘಿ, ಬೆನ್ನು ತಿರುಗಿಸದೆಯೇ.

ಚೌಕದ ಗದ್ದಲದಲ್ಲಿ ಆ ಮಾತು ಅರ್ಧ ಮಾತ್ರ ಕೇಳಿಸಿತು. “ಏನಂದಿ?”

“ಎರಡು ಕೋಲು ಕಡಿಮಿ ಐತ್ರಿ. ಹೋದ ವರ್ಷದ ಕರಿಗೆ ಆ ತುದಿ ಕಲ್ಲು ಒಂದು ಕೋಲು ಇತ್ತಲಾಗ ತಂದೆ. ಹೋದ ತಿಂಗಳು ಇನ್ನೊಂದು.” ತನ್ನ ಕುರಿ ಕಾಯುವ ಕೋಲನ್ನು ಮೆಟ್ಟಿಲ ಮೇಲೆ ಅಡ್ಡ ಇಟ್ಟ. ಏಳಡಿಯ ಕೋಲು. “ಹಳೇ ಕುಣಿ ಮುಚ್ಚಿ, ಮ್ಯಾಲ ಕುರಿ ನಿಲ್ಲಿಸಿ ತುಳಿಸಿದೆ. ಹಿಕ್ಕಿ ಬಿದ್ದಲ್ಲಿ ಯಾರು ನೋಡತಾರ್ರಿ.”

“ಅಮೋಘಿ, ನೀನ? ಹುಗದ ಕಲ್ಲು?”

“ಏನು ಮಾಡಬೇಕಿತ್ರಿ? ಭಂಡಾರಾ ಮುಟ್ಟೇನಿ. ಮಾತಿಗೆ ತಪ್ಪಂಗಿಲ್ಲ. ಮುಳ್ಳು ನಿಂದರತೈತಿ ಅಂತ ನೀವ ಅಂದ್ರಿ. ಮುಳ್ಳು ನನ್ನ ಕೈಗೆ ನಿಲಕೂದಿಲ್ಲ. ಕಲ್ಲು ನಿಲಕತಿತ್ತು. ಸಾಯೂದಿದ್ರ ನಾ ಸಾಯತೇನಿ, ಹುಡುಗಿ ಓಡಲಿ ಅಂದೆ.” ಈಗ ತಿರುಗಿದ. “ಮುಂದ ಬೆಂಗಳೂರಿನ್ಯಾರು ಒಯ್ದು ಖರೇ ಮಾಡತಾರ ಅಂತ ತಿಳದಿದ್ನಿರಿ. ಅಲ್ಲೂ ಅಳೀತಾರ ಅಂತ ನನಗ ಹೊಳೀಲಿಲ್ಲ.”

ಆ ತರಬೇತುದಾರರು ಹೇಳಿದ್ದನ್ನು ಅವನಿಗೆ ಹೇಳಬಾರದಿತ್ತು. ಸಿಟ್ಟಿನಲ್ಲಿ ಹೇಳಿಬಿಟ್ಟೆ. “ನಿಂತದ್ದು ನನಗ ಗೊತ್ತಾಗಿದ್ದರ ಬ್ಯಾರೆ ಕಲಿಸ್ತಿದ್ದೆ ಅಮೋಘಿ! ಎರಡು ವರ್ಷ! ಇಳದದ ಇಳದದ ಅಂತ ಅದನ್ನ ಅದನ್ನ ಕಲಿಸಿದೆ. ನೀ ಸರಿಸಿದ್ದು ಕಲ್ಲಲ್ಲ, ಆಕಿ ಎರಡು ವರ್ಷ!”

ಅವನ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಮಶಾಕಸಾಬರು ಎದ್ದು ಬಂದು, “ಬಸ್, ಮಾಸ್ತರಸಾಬ, ಸಾಕು,” ಎಂದು ನನ್ನ ಭುಜ ಹಿಡಿದರು.

ಮಲಕವ್ವ ಮೆಟ್ಟಿಲಿಗೆ ಬಂದು ಅಪ್ಪನ ಪಕ್ಕ ಕೂತಳು. ಕೋಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. “ಯಪ್ಪಾ, ಹೋದ ವರ್ಷ ಐವತ್ತೈದು ಬಂದಾಗ ನಿನ್ನ ಮಾರಿ ನೋಡಿದ್ದೆ. ನೀ ಒಬ್ಬನ ನಗಲಿಲ್ಲ,” ಎಂದಳು. “ಅವಾಗ ಕೇಳಬೇಕಿತ್ತು ನಾ.”

ಮರುದಿನ ನಾನು ಅಮೋಘಿಯ ಮನೆಗೆ ಹೋಗಿ ನಾಚಿಕೆ ಬಿಟ್ಟು ಹೇಳಿದೆ: “ನೋಡು, ಈ ಮಾತು ನಮ್ಮ ನಾಲ್ವರಿಗೆ, ಮಶಾಕಸಾಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಶಿಬಿರ ತಪ್ಪಿತು, ತಪ್ಪಲಿ. ಇನ್ನೊಂದು ವರ್ಷ ಕೊಡು, ದೊಡ್ಡ ಹುಡುಗಿಯರ ಆಟ ಅವ. ಸಿದ್ದರಾಯಗ ಮುಳ್ಳು ಇಳದದ ಅಂತನ ಗೊತ್ತದ.”

“ದೇವರಿಗೆ?” ಎಂದ ಅಮೋಘಿ. “ಮುಳ್ಳು ಎಪ್ಪತ್ತೇಳಕ್ಕ ನಿಂತಿತ್ರಿ. ಭಂಡಾರದ ಲೆಕ್ಕಕ್ಕ ಅಕಿ ಅವತ್ತ ಸಾರವಾಡದಾಕಿ. ಕಲ್ಲು ಸರಿಸಿದ್ದ ಒಂದು ಪಾಪ. ಅದರ ಮ್ಯಾಲ ಇನ್ನೊಂದು ಹೊರಸಬ್ಯಾಡ್ರಿ.”

ದುಂಡವ್ವ ಒಲೆಯ ಮುಂದೆ ಕೂತಿದ್ದವಳು ಗಂಡನತ್ತ ತಿರುಗಿದಳು. “ನನ್ನ ಅಣ್ಣನ ಕಾಲು ನಾ ಬೀಳತೇನಿ. ಮಾತು ಬಿಟ್ಟು ಕೊಡು ಅಂತೇನಿ.”

“ಬಿಟ್ಟು ಕೊಡಾಕ ಅದು ಅವಂದಲ್ಲ ಬೇ,” ಎಂದಳು ಮಲಕವ್ವ. ಅವಳು ಬಾಗಿಲಲ್ಲಿ ನಿಂತಿದ್ದಳು, ಅತ್ತಿರಲಿಲ್ಲ. “ನಾ ಸಾರವಾಡಕ್ಕ ಹೊಕ್ಕೇನಿ. ಯಪ್ಪ ಕಲ್ಲು ಸರಿಸ್ಯಾನ ಅಂತ ಊರಾಗ ಯಾರೂ ಅನ್ನಬಾರದು. ಸರ್ರ, ಒಂದ ಕೆಲಸಾ ಐತ್ರಿ. ಗಡಿಯಾರಾ ತಗೊಂಡು ಬರ್ರಿ.”

ಗಾಯರಾಣಕ್ಕೆ ನಾವು ಮೂವರೇ ಹೋದೆವು. ಅಮೋಘಿ ಕಲ್ಲಿನ ಸುತ್ತ ಅಗೆದ. ಮಗಳು ಕಲ್ಲು ತಬ್ಬಿ ಎಳೆದಳು. ಎರಡು ಕೋಲು ಅಳೆದು ಹಳೆಯ ಕುಳಿ ಹುಡುಕಿದಾಗ ಒಳಗಿನ ಮಣ್ಣು ಇನ್ನೂ ಸಡಿಲವಾಗಿತ್ತು. ಕಲ್ಲು ಅಲ್ಲಿ ಕೂತಿತು. ಅವಳು ಮತ್ತೊಂದು ತುದಿಗೆ ನಡೆದುಹೋದಳು, ಪರಕಾರ ಎತ್ತಿ ಸಿಕ್ಕಿಸಿಕೊಂಡಳು, ಕುಳಿಯಲ್ಲಿ ಕಾಲಿಟ್ಟಳು. ನಾನು ಕೈ ಕೆಳಗಿಳಿಸಿದೆ.

“ಬಗ್ಗು! ತಲಿ ಎತ್ತಬ್ಯಾಡ! ಹತ್ತು ಹೆಜ್ಜಿ ಬಗ್ಗು!” ಎಂದು ಕೂಗಿದೆ. ಎರಡು ವರ್ಷ ತಡವಾಗಿ ಕೂಗಿದೆ. ಅವಳು ಬಗ್ಗಿದಳು. ಗೊತ್ತಿಲ್ಲದ ಹೊಸ ರೀತಿಗೆ ಕಾಲು ತೊಡರಿದವು, ನಡುವೆ ಒಮ್ಮೆ ಬೀಳುವಂತಾಯಿತು, ಆದರೂ ಓಡಿ ಬಂದಳು. ಕಲ್ಲು ದಾಟಿ ನಿಂತು ನನ್ನ ಬಾಯಿಯನ್ನೇ ನೋಡಿದಳು. ಅಮೋಘಿಯೂ ನೋಡಿದ.

ಹದಿಮೂರು ಎಂಟು ಎನ್ನಲೇ? ಏಳು ಎಂದರೂ ನಡೆಯುತ್ತಿತ್ತು. ಗಡಿಯಾರ ಇದ್ದದ್ದು ನನ್ನ ಅಂಗೈಯಲ್ಲಿ.

“ಹದಿಮೂರು ಒಂಬತ್ತು,” ಎಂದೆ.

“ಐವತ್ತೇಳಾತ್ರಿ ಹೆಜ್ಜಿ,” ಎಂದು ಅವಳು ಉಸಿರು ಬಿಟ್ಟಳು. “ಛಲೋ ಆತು ಸರ್ರ. ಖರೇ ಹೇಳಿದ್ರಿ.” ಆಮೇಲೆ ಕಲ್ಲಿನ ಮೇಲೆ ಕೂತು, ಮುಖವನ್ನು ಮೊಣಕಾಲಲ್ಲಿ ಹುದುಗಿಸಿ ಅತ್ತಳು. ನಾಲ್ಕು ವರ್ಷದಲ್ಲಿ ನಾನು ಅವಳ ಅಳು ಕಂಡದ್ದು ಅದೊಂದೇ ಸಲ.

ಬೇಸಿಗೆಯಲ್ಲಿ ಸಾರವಾಡದಲ್ಲಿ ಮದುವೆಯಾಯಿತು. ಧೂಳಪ್ಪ ಒಳ್ಳೆಯ ಹುಡುಗ, ಅವನ ಮೇಲೆ ಹೇಳಲು ನನ್ನಲ್ಲಿ ಏನೂ ಇಲ್ಲ. ಸಿದ್ದರಾಯ ಊಟದ ಪಂಕ್ತಿ ತಿರುಗಾಡುತ್ತ ನನ್ನ ಎಲೆಯ ಮುಂದೆ ನಿಂತು ತಗ್ಗಿದ ದನಿಯಲ್ಲಿ, “ಮಾಸ್ತರ್ರ, ಮುಳ್ಳು ಇಳಿದಿತ್ತಲ್ರಿ. ಅಮೋಘಿ ತಾನಾಗಿ ಬಂದು ಕೊಡತೇನಿ ಅಂದಾ. ಯಾಕಂತ ಕೇಳಿದ್ರ ಹೇಳಲಿಲ್ಲ,” ಎಂದ. ನಾನು ಹೋಳಿಗೆ ಮುರಿಯುತ್ತ ಕೂತೆ. ನಾನೂ ಹೇಳಲಿಲ್ಲ.

ಈ ವರ್ಷ, ಎಪ್ಪತ್ತೊಂಬತ್ತರ ಕರಿಯ ದಿನ, ನಾನು ಗಾಯರಾಣಕ್ಕೆ ಹೋಗುವಷ್ಟರಲ್ಲಿ ಅಮೋಘಿ ಅಲ್ಲಿದ್ದ. ಕೈಯಲ್ಲಿ ಕಾಗದದ ಪೊಟ್ಟಣ. “ಸಾರವಾಡದಿಂದ ಬಂದೈತ್ರಿ ಕುಸುರೆಳ್ಳು. ನಿಮಗ ಕೊಡು ಅಂತ ಹೇಳಿ ಕಳಿಸ್ಯಾಳ.”

“ಹ್ಯಾಂಗದಾಳ?”

“ಅದಾಳ್ರಿ. ನೀರಿಗೆ ಹೋಗೂ ಬಾಂವಿ ಮನಿಯಿಂದ ನಾನೂರ ಹನ್ನೆರಡು ಹೆಜ್ಜಿ ಐತಂತ. ಕೊಡಾ ಹೊತ್ತಾಗ ನಾನೂರ ಅರವತ್ತಂತ.”

ಹೊಸ ಮಕ್ಕಳು ಸಾಲಾಗಿ ನಿಂತಿದ್ದರು. ಅಮೋಘಿ ಕೋಲು ಊರಿಕೊಂಡು ದೂರದ ಕಲ್ಲಿನವರೆಗೆ ನಡೆದುಹೋದ. ಅದರ ಬುಡದ ಮಣ್ಣನ್ನು ಕಾಲಿಂದ ಒತ್ತಿ ನೋಡಿದ. ಆಮೇಲೆ ಕಲ್ಲಿಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತ.

“ಬಿಡ್ರಿ ಮಾಸ್ತರ್ರ, ಓಡಲಿ,” ಎಂದು ಅಲ್ಲಿಂದ ಕೂಗಿದ. “ನಾ ಕುಂತೇನಿ ಇಲ್ಲಿ.”